ಹಟ್ಟಿ ಕಡೆಯ ಗೋಡೆ

ಜೂನ್ 14, 2025, ಶನಿವಾರ

ನಿನ್ನೆ ಸಂಜೆಯಿಂದ ಹೊರಗಿದ್ದೇನೆ. ಇನ್ನು ಮೂರು ದಿನ ಹಟ್ಟಿಯ ಮುಳ್ಳುಬೇಲಿ ದಾಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಗಂಡನಿಗೆ ಬಡಿಸುವಂತಿಲ್ಲ. ನಮ್ಮ ಕಾಡುಗೊಲ್ಲರ ಕಟ್ಟು ಇದು. ಅವ್ವ ನಡೆಸಿಕೊಂಡು ಬಂದಳು, ನಾನೂ ನಡೆಸುತ್ತಿದ್ದೇನೆ. ಪಂಚಾಯಿತಿ ಕಚೇರಿಗೆ ಮಾತ್ರ ಹೋಗಬಹುದು, ಅದು ಹಂದನಕೆರೆ ರಸ್ತೆಯಲ್ಲಿದೆ, ಅಲ್ಲಿ ಬೇಲಿ ಇಲ್ಲ. ಹಾಗಾಗಿ ತಿಂಗಳಲ್ಲಿ ಈ ಮೂರು ದಿನ ನಾನು ಪೂರಾ ಅಧ್ಯಕ್ಷೆ, ಮಿಕ್ಕ ದಿನ ಅಡುಗೆ ಮುಗಿಸಿ ಓಡುವ ಅಧ್ಯಕ್ಷೆ. ಹಗಲೆಲ್ಲ ತಿರುಗುವ ಕುರ್ಚಿಯಲ್ಲಿ ಕೂತು ರುಜು ಹಾಕಿ, ಸಂಜೆ ಈ ತೆಂಗಿನ ಗರಿಯ ಗುಡಿಸಲಿಗೆ ಬಂದು ಚಾಪೆ ಬಿಡಿಸುತ್ತೇನೆ. ನಮ್ಮ ಬಾರೇಹಟ್ಟಿಯಿಂದ ಆ ಕುರ್ಚಿಯವರೆಗೆ ಹೋದವಳು ನಾನೇ ಮೊದಲು. ಗುಡಿಸಲಿಗೆ ಅದು ಗೊತ್ತಿಲ್ಲ.

ಈ ಪುಸ್ತಕ ಇಲ್ಲೇ ಸೂರಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರಿನಲ್ಲಿರುತ್ತದೆ. ಹೊರಗಿದ್ದಾಗ ಮುಟ್ಟಿದ್ದನ್ನು ಒಳಗೆ ಒಯ್ಯುವಂತಿಲ್ಲ. ಸೀರೆಯಾದರೆ ಒಗೆಯಬಹುದು, ಪುಸ್ತಕವನ್ನು ಒಗೆಯುವುದು ಹೇಗೆ? ಆದ್ದರಿಂದ ಬರೆಯುವುದೂ ಈ ಮೂರು ದಿನಗಳಲ್ಲೇ.

ಮಗಳು ಲಿಖಿತಾಳಿಗೆ ಆರು ತಿಂಗಳು. ಚೊಚ್ಚಲು, ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಆಮೇಲೆ ಬಾಣಂತಿಯೂ ಮಗುವೂ ಎರಡು ತಿಂಗಳಾದರೂ ಹಟ್ಟಿಯ ಹೊರಗಿರಬೇಕು. ಅವಳನ್ನು ಹೆತ್ತು ನಾನು ಇಂಥದೇ ಗುಡಿಸಲಲ್ಲಿದ್ದೆ. ಮಳೆ ಹುಯ್ದು ಚಾಪೆ ತೇಲುವಾಗ ಅವಳನ್ನು ಎದೆಗೆ ಅವುಚಿಕೊಂಡು ಕುಕ್ಕರಗಾಲಲ್ಲಿ ಬೆಳಗು ಮಾಡಿದ್ದೆ. ನನ್ನ ಮಗಳು ಹಾಗೆ ಕೂರಬಾರದು. ಹೊರಗಿರುವ ಹೆಂಗಸರಿಗೆಂದು ಪಕ್ಕಾ ಮನೆ ಮಂಜೂರು ಮಾಡಿಸಿದ್ದೇನೆ. ಅವಳ ಹೆರಿಗೆಗೆ ಮುಂಚೆ ಅದು ಎದ್ದು ನಿಲ್ಲಬೇಕು. ನಾನು ಅಧ್ಯಕ್ಷೆಯಾಗಿ ಇನ್ನೇನು ಮಾಡದಿದ್ದರೂ ಸರಿಯೇ.

ಜೂನ್ 15, ಭಾನುವಾರ

ಎಂಜಿನಿಯರ್ ರುದ್ರೇಶ್ ತಿಪಟೂರಿನಿಂದ ಬೈಕಿನಲ್ಲಿ ಬಂದರು. ಭಾನುವಾರವೂ ಬಂದದ್ದು ನನ್ನ ಫೋನಿನ ಕಾಟ ತಡೆಯಲಾರದೆ. ಗುಡಿಸಲ ಮುಂದಿನ ಕಲ್ಲಿನ ಮೇಲೆ ನಕ್ಷೆ ಹರಡಿದರು. ನೋಡಿದರೆ ಮನೆ ಗುಂಡಗಿದೆ, ಮೇಲೆ ಚೂಪಾದ ಚಾವಣಿ.

“ಏನ್ರೀ ಇದು?”

“ನಿಮ್ಮ ಸಂಸ್ಕೃತಿ ಕಾಣ್ಬೇಕಲ್ಲ ಅಧ್ಯಕ್ಷರೇ. ಹಟ್ಟಿ ಮಧ್ಯದಲ್ಲಿ ಗುಂಡಗೆ ಒಂದು ಗುಡ್ಲು ಇದೆಯಲ್ಲ, ಅದರ ಫೋಟೊ ನೋಡ್ಕೊಂಡು ಬರೆದೆ. ಬುಡಕಟ್ಟು ಶೈಲಿ.”

ನಗು ತಡೆಯಲಾಗಲಿಲ್ಲ. “ಅದು ದೇವರ ಗುಡ್ಲು ಕಣ್ರೀ! ಹೊರಗಾದ ಹೆಂಗಸರ ನೆರಳೂ ಅದರ ಮ್ಯಾಲೆ ಬೀಳಂಗಿಲ್ಲ. ಅದರ ಆಕಾರದ ಮನೇಲಿ ಅವರನ್ನ ಮಲಗಿಸ್ತೀರಾ? ನಿಮ್ಮ ಬೈಕು ವಾಪಸ್ ತಿಪಟೂರು ಸೇರಾಕಿಲ್ಲ.”

ಪಾಪ, ಮುಖ ಸಪ್ಪಗಾಯಿತು. ಆಮೇಲೆ ನಾನು ಹೇಳಿದಂತೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡರು. ಚೌಕದ ಮನೆ, ಮೇಲೆ ತಾರಸಿ. ಎರಡು ಕೋಣೆ, ಬಚ್ಚಲಲ್ಲಿ ಬಿಸಿನೀರಿನ ಒಲೆ. ಮೆಟ್ಟಿಲು ತಗ್ಗಾಗಿರಬೇಕು, ಹಸಿ ಬಾಣಂತಿ ಹತ್ತುವಂತೆ. ಹಟ್ಟಿ ಕಡೆಯ ಗೋಡೆಗೆ ದೊಡ್ಡದೊಂದು ಕಿಟಕಿ. ಅಲ್ಲಿ ಮಲಗಿದವಳಿಗೆ ಬೇಲಿಯಾಚೆಯ ತನ್ನ ಮನೆ ಕಾಣಬೇಕು, ಕೂಗಿದರೆ ಕೇಳಬೇಕು. ಈ ಕಿಟಕಿಯ ಮಾತನ್ನು ನಾನು ಎರಡು ಸಲ ಹೇಳಿದೆ.

ಜುಲೈ 13, ಭಾನುವಾರ

ಮನಸ್ಸು ಸರಿಯಿಲ್ಲ.

ಸಂಜೆ ಲಕ್ಕಯ್ಯ ಬಾವ ಬಂದು ಬೇಲಿಯ ಆ ಕಡೆ ನಿಂತರು. ನನ್ನ ಗಂಡನ ಅಣ್ಣ, ಹಟ್ಟಿಯ ಯಜಮಾನರು, ದೇವರ ಪೂಜೆಯೂ ಅವರದೇ. ನಾನು ಈ ಕಡೆ ನಿಂತೆ.

“ಚಿತ್ತಮ್ಮ, ಆ ಕಿಟಕಿ ಯಾಕವ್ವ ಹಟ್ಟಿ ಕಡೀಕೆ?”

“ಗಾಳಿ ಬೆಳಕು ಬ್ಯಾಡ್ವಾ ಬಾವ?”

“ರೋಡ್ ಕಡೀಕೆ ನಾಕು ಇಕ್ಕು, ಯಾರು ಬ್ಯಾಡ ಅಂದ್ರು? ಈ ಕಡೀಕೆ ಮಾತ್ರ ಬರೀ ಗೋಡೆ. ದೇವರ ಗುಡ್ಲು ಎದುರಿಗೇ ಬತ್ತದೆ ಕಣವ್ವ. ಇನ್ನೊಂದು ಕೇಳು. ದೀಪಾವಳಿ ಒತ್ಗೆ ನಮ್ಮನ್ನ ಎಸ್‌ಟಿ ಪಟ್ಟಿಗೆ ಸೇರ್ಸಬೌದಾ ಅಂತ ನೋಡಕ್ಕೆ ತಂಡ ಬತ್ತೈತೆ. ನೀವು ಬುಡಕಟ್ಟೋರು ಅನ್ನಕ್ಕೆ ಏನೈತೆ ತೋರ್ಸಿ ಅಂತಾರೆ. ಏನ್ ತೋರ್ಸಾನ? ಪ್ಯಾಂಟ್ ಇಕ್ಕಂಡ್ವಿ, ಮೊಬೈಲ್ ಹಿಡ್ಕಂಡ್ವಿ, ಮಕ್ಕಳು ಹಟ್ಟಿ ಪದ ಮರ್ತ್ರು. ಉಳಿದಿರಾದು ಈ ಕಟ್ಟು ಒಂದೇಯ. ಅದನ್ನೂ ನೀನೇ ಕಿಟಕಿ ತೆಗೆದು ಆಚೆ ಬುಟ್ರೆ, ನಾಳೆ ನಿನ್ ಮೊಮ್ಮಕ್ಕಳಿಗೆ ಕೆಲ್ಸ ಎಲ್ಲಿಂದ ತತ್ತೀಯ?”

ಬಾವ ದಡ್ಡರಲ್ಲ. ಎಷ್ಟು ವರ್ಷದಿಂದ ಈ ಪಟ್ಟಿಗಾಗಿ ಬಸ್ಸು ಹತ್ತಿ ಇಳಿದಿದ್ದಾರೆ, ಎಷ್ಟು ಕಚೇರಿಗಳ ಹೊಸ್ತಿಲು ತುಳಿದಿದ್ದಾರೆ. ನನ್ನನ್ನು ಚುನಾವಣೆಗೆ ನಿಲ್ಲಿಸಿದವರೂ ಅವರೇ. ಗಂಡಸರಾರೂ ಈ ಕಟ್ಟನ್ನು ಮೂರು ದಿನವಾದರೂ ತಮ್ಮ ಮೈಮೇಲೆ ಹೊತ್ತವರಲ್ಲ, ಅದು ಬೇರೆ ಮಾತು. ಹಾಗೆಂದು ಹಟ್ಟಿಗೆ ಬರುವುದನ್ನು ನಾನು ತಪ್ಪಿಸಿದೆ ಎನಿಸಿಕೊಳ್ಳಲೇ?

ರುದ್ರೇಶ್‌ಗೆ ಫೋನ್ ಮಾಡಿ ಕಿಟಕಿ ತೆಗೆಯಲು ಹೇಳಿದೆ. “ಅಡ್ಡಗಾಳಿ ಹಾಯೋದಿಲ್ಲ ಮೇಡಂ” ಎಂದು ಗೊಣಗಿದರು. ಫ್ಯಾನ್ ಹಾಕಿಸೋಣ ಎಂದೆ. ನಾಳೆ ಹೊಸ ನಕ್ಷೆಗೆ ರುಜು. ಹೋದದ್ದು ಒಂದು ಕಿಟಕಿ ತಾನೇ, ಮನೆಯೇ ಹೋಗಲಿಲ್ಲವಲ್ಲ.

ಆಗಸ್ಟ್ 10, ಭಾನುವಾರ

ಗೋಡೆ ಲಿಂಟಲ್‌ವರೆಗೆ ಬಂದಿದೆ. ತಿಪಟೂರಿನ ವೆಲ್ಡಿಂಗ್ ಶಾಪಿನ ಖುದ್ದೂಸ್ ಕಿಟಕಿ ಅಳತೆಗೆ ಬಂದಿದ್ದ. ರಸ್ತೆ ಕಡೆ ಮೂರು ಕಿಟಕಿ ಅಳೆದುಕೊಂಡ. ಹಟ್ಟಿ ಕಡೆಗೆ ಬಂದು ಟೇಪು ಹಿಡಿದುಕೊಂಡು ನಿಂತ.

“ಈ ಕಡೆ ಏನೂ ಇಲ್ವಾ ಅಕ್ಕಾ?”

“ಇಲ್ಲ ಕಣಪ್ಪ.”

ಟೇಪು ಸುತ್ತಿಕೊಂಡು ಹೊರಟ. ಗರಿ ಗುಡಿಸಲು ಈಚೆಗೆ ತೀರ ಸೋರುತ್ತಿದೆ. ಬೆನ್ನು ನೋವು. ಇಷ್ಟು ಸಾಕು.

ಸೆಪ್ಟೆಂಬರ್ 8, ಸೋಮವಾರ

ಹೊಸ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ! ನೆಲಕ್ಕೆ ಟೈಲ್ಸ್, ತಲೆಯ ಮೇಲೆ ಫ್ಯಾನು, ತಿರುಗಿಸಿದರೆ ನೀರು. ಗರಿ ಗುಡಿಸಲನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದೆವು. ಈ ಸಲ ಜೊತೆಯಲ್ಲಿ ಹೊರಗಿರುವ ಇಬ್ಬರು ಹೆಂಗಸರು ಬಚ್ಚಲಿಗೆ ಹೋದವರು ಹೊರಗೇ ಬರಲೊಲ್ಲರು. “ಅರಮನೆ ಕಣಕ್ಕ ಇದು” ಎಂದಳು ಒಬ್ಬಳು. ನನ್ನ ಕಣ್ಣು ತುಂಬಿ ಬಂತು. ಸುಳ್ಳೇಕೆ, ಹೆಮ್ಮೆಯಾಯಿತು.

ಹಟ್ಟಿ ಕಡೆಯ ಗೋಡೆ ಬೋಳಾಗಿ ಕಾಣುತ್ತಿತ್ತು. ಬಾವ ಕಾಲೇಜು ಹುಡುಗರಿಂದ ಅದರ ಮೇಲೆ ಚಿತ್ರ ಬರೆಸಿದ್ದಾರೆ. ಕುರಿ ಮಂದೆ, ಹೆಗಲ ಮೇಲೆ ಕಂಬಳಿ ಹೊದ್ದ ಗೊಲ್ಲ, ಕೈಯಲ್ಲಿ ಕೊಳಲು, ಪಕ್ಕದಲ್ಲಿ ಉರುಮೆ ಬಡಿಯುವವರು. ತಂಡದವರು ಬಂದಾಗ ಅದರ ಮುಂದೆ ಸಭೆ. ಚಿತ್ರ ಬಹಳ ಚೆನ್ನಾಗಿ ಬಂದಿದೆ, ಎಲ್ಲ ಪತ್ರಿಕೆಯಲ್ಲೂ ಬರುತ್ತದೆ ಎಂದರು ರುದ್ರೇಶ್. ಚಿತ್ರದಲ್ಲಿ ಒಬ್ಬ ಹೆಂಗಸೂ ಇಲ್ಲ, ಈಗ ಬರೆಯುವಾಗ ಹೊಳೆಯಿತು.

ಲಿಖಿತಾ ಹೆರಿಗೆಗೆ ಬಂದು ವಾರವಾಯಿತು. ಬೆಳಿಗ್ಗೆ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಮನೆಯ ಸುತ್ತ ಒಂದು ಬಳಸು ಬಂದಳು. ತಿಪಟೂರಿನಲ್ಲಿ ಬಿ.ಎ. ಮಾಡಿದವಳು, ಯಾವುದನ್ನೂ ಸುಮ್ಮನೆ ನೋಡುವವಳಲ್ಲ.

“ಎಷ್ಟು ವರ್ಷ ಬಾಳಿಕೆ ಬರುತ್ತೆ ಅವ್ವ ಈ ಮನೆ?”

“ಅರವತ್ತು ವರ್ಷ ಅಳ್ಳಾಡಲ್ಲ ಅಂದವ್ರೆ ಎಂಜಿನಿಯರ್ರು.”

“ಅಷ್ಟು ವರ್ಷಾನಾ?” ಎಂದಳು.

ಯಾಕೆ ಹಾಗೆ ಕೇಳಿದಳೋ. ಪಕ್ಕಾ ಕಟ್ಟಡ ಎಂದ ಮೇಲೆ ಬಾಳಿಕೆ ಬರಬೇಡವೇ? ಬಸುರಿಯರಿಗೆ ಏನೇನೋ ಯೋಚನೆ.

ಅಕ್ಟೋಬರ್ 6, ಸೋಮವಾರ

ಹೆಣ್ಣು ಮಗು. ಹುಟ್ಟಿ ಹದಿನಾರು ದಿನ. ಆಸ್ಪತ್ರೆಯಿಂದ ನೇರ ಇಲ್ಲಿಗೇ ತಂದೆವು. ತಲೆ ತುಂಬ ಕೂದಲು, ಮೂಗು ನಮ್ಮವರದೇ.

ಇಷ್ಟು ದಿನ ನಾನು ಬೆಳಿಗ್ಗೆ ಸಂಜೆ ಊಟ ತಂದು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಮುಟ್ಟಿದರೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು, ದಿನಕ್ಕೆ ನಾಲ್ಕು ಸಲ ಹಾಕಿಕೊಂಡು ಕಚೇರಿಗೆ ಹೋಗುವುದು ಯಾವಾಗ? ರಾತ್ರಿ ಜೊತೆಗೆ ಮಲಗಲು ಒಬ್ಬ ಅಜ್ಜಿ ಬರುತ್ತಾಳೆ. ಹಗಲೆಲ್ಲ ತಾಯಿ ಮಗು ಇಬ್ಬರೇ. ಮೆಟ್ಟಿಲ ಕೆಳಗೆ ನಿಂತು ಮಗು ಅಳುವುದನ್ನು ಕೇಳಿ ಕೈ ಹಿಸುಕಿಕೊಂಡು ಬರುತ್ತಿದ್ದೆ.

ನಿನ್ನೆ ಹೊರಗಾದೆ. ನಂಬುತ್ತಾರೋ ಇಲ್ಲವೋ, ಕುಣಿಯುವಂತಾಯಿತು. ಕೈಚೀಲ ಹಿಡಿದುಕೊಂಡು ಹೆಚ್ಚು ಕಡಿಮೆ ಓಡಿ ಬಂದೆ. ನಿನ್ನೆಯಿಂದ ಮಗುವನ್ನು ಕೆಳಗಿಟ್ಟಿಲ್ಲ. ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕಾಲ ಮೇಲೆ ಮಲಗಿಸಿಕೊಂಡು ಮರೆತೇ ಹೋಗಿದ್ದ ಹಟ್ಟಿ ಪದವೊಂದನ್ನು ಹೇಳಿದೆ. ಲಿಖಿತಾ ನನ್ನ ತೊಡೆಗೆ ಒರಗಿಕೊಂಡು ಮಲಗಿಬಿಟ್ಟಳು. ಇಪ್ಪತ್ತೆರಡು ವರ್ಷದವಳು, ಇನ್ನೂ ಹಾಗೇ ಬಾಯಿ ತೆರೆದು ಮಲಗುತ್ತಾಳೆ.

“ಹಟ್ಟಿ ಇಲ್ಲೇ ಪಕ್ಕದಲ್ಲಿದ್ರೂ ಬೇರೆ ಊರಲ್ಲಿದ್ದಂಗೆ ಅನ್ಸುತ್ತೆ ಅವ್ವ” ಎಂದಳು ಎದ್ದ ಮೇಲೆ. “ರೋಡಲ್ಲಿ ಹೋಗೋ ಬಸ್ಸೆಲ್ಲ ಕಾಣುತ್ತೆ. ನಮ್ಮನೆ ಮಾತ್ರ ಕಾಣಲ್ಲ.”

“ಫೋನ್ ಚಾರ್ಜ್ ಮಾಡಿ ಇಟ್ಕಳವ್ವ, ಏನಾದ್ರೂ ಬೇಕಾದ್ರೆ ಮಾಡು” ಎಂದೆ.

ನಾಡಿದ್ದು ಮಿಂದು ಒಳಗೆ ಹೋಗಬೇಕು. ಹೋಗಲು ಮನಸ್ಸಿಲ್ಲ. ಒಳಗೆ ಹೋಗುವುದಕ್ಕೆ ಮನಸ್ಸಿಲ್ಲ ಎಂದು ಬರೆದದ್ದು ಇದೇ ಮೊದಲಿರಬೇಕು.

ಅಕ್ಟೋಬರ್ 19, ಭಾನುವಾರ, ತಿಪಟೂರು ಆಸ್ಪತ್ರೆ

ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ. ಲಿಖಿತಾ ಬದುಕಿದ್ದಾಳೆ, ಮಗು ನನ್ನ ಮಡಿಲಲ್ಲಿದೆ. ಮಗುವಿನ ಬಟ್ಟೆ ತರಲು ಆ ಮನೆಗೆ ಹೋದಾಗ ಈ ಪುಸ್ತಕವೂ ಚೀಲಕ್ಕೆ ಬಿತ್ತು. ಬರೆಯದಿದ್ದರೆ ತಲೆ ಕೆಟ್ಟು ಹೋಗುತ್ತದೆ.

ಮೊನ್ನೆ ಶುಕ್ರವಾರ ತಂಡ ಬಂತು. ಗೋಡೆಯ ಮುಂದೆ ಶಾಮಿಯಾನ, ಮೈಕು. ಹುಡುಗರು ಉರುಮೆ ಬಡಿದರು, ಬಾವ ಪದ ಹೇಳಿದರು. ಬಂದವರು ತಲೆದೂಗಿದರು, ಬರೆದುಕೊಂಡರು. “ಅಧ್ಯಕ್ಷರು ಚಿತ್ರದ ಹತ್ರ ನಿಂತ್ಕೊಳ್ಳಿ” ಎಂದು ಒಬ್ಬರು ಫೋಟೊ ತೆಗೆದರು. ನಾನು ಗೋಡೆಗೆ ಬೆನ್ನು ತಾಗಿಸಿ ನಿಂತೆ. ಆಮೇಲೆ ಮೈಕಿನಲ್ಲಿ ಮಾತಾಡಿದೆ.

ಗೋಡೆಯ ಆ ಕಡೆ ನನ್ನ ಮಗಳಿಗೆ ರಕ್ತ ಹೋಗುತ್ತಿತ್ತು.

ಬೆಳಗಿನಿಂದ ಕರೆಂಟ್ ಇರಲಿಲ್ಲ, ಮೈಕು ಜನರೇಟರಿನದು. ಅವಳ ಫೋನು ಸತ್ತಿತ್ತು. ಸೊಳ್ಳೆ ಪರದೆಯ ಜಾಲರಿ ಕೂರಿಸಲು ರಸ್ತೆ ಕಡೆಯಿಂದ ಬಂದ ಖುದ್ದೂಸ್ ಕಿಟಕಿಯಿಂದ ನೋಡಿದ್ದಾನೆ, ನೆಲದ ಮೇಲೆ ಬಿದ್ದಿದ್ದಳಂತೆ. ರಸ್ತೆಯಲ್ಲಿ ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ಕೂಗಿ ಕರೆದು, ಅವಳ ಕೈಗೆ ಮಗು ಕೊಟ್ಟು, ಲಿಖಿತಾಳನ್ನು ಎತ್ತಿ ತನ್ನ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊರಟವನು ದಾರಿಯಲ್ಲಿ ನನಗೆ ಫೋನ್ ಮಾಡಿದ. “ಅಕ್ಕಾ, ತಿಪಟೂರಿಗೆ ಹೊರಟಿದೀನಿ, ಹಿಂದೇನೇ ಬನ್ನಿ.” ಆಗ ನನ್ನ ಕೈಯಲ್ಲಿ ಹಾರವಿತ್ತು.

ಹೆರಿಗೆಯ ಕಸದ ಚೂರು ಒಳಗೇ ಉಳಿದಿತ್ತು ಎಂದರು ಡಾಕ್ಟರು. ರಕ್ತ ಕೊಟ್ಟರು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಇವತ್ತು ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಮಾತಾಡಿದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಕೂಗ್ದೆ ಅವ್ವ. ಗೋಡೆ ಬಡಿದೆ, ಚೊಂಬಿನಲ್ಲಿ. ನಿನ್ ದನಿ ಕೇಳಿಸ್ತಿತ್ತು ನಂಗೆ. ಮೈಕಲ್ಲಿ ಮಾತಾಡ್ತಿದ್ದೆ.”

ಏನು ಮಾತಾಡುತ್ತಿದ್ದೆ? ನಮ್ಮ ಹೆಣ್ಣುಮಕ್ಕಳಿಗೆ ಇಷ್ಟು ಒಳ್ಳೆಯ ಮನೆ ಸುತ್ತಿನ ಯಾವ ಹಟ್ಟಿಯಲ್ಲೂ ಇಲ್ಲ ಎನ್ನುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಅಕ್ಟೋಬರ್ 24, ಶುಕ್ರವಾರ

ನಿನ್ನೆ ಆಸ್ಪತ್ರೆಯಿಂದ ಬಂದೆವು. ಬಂದದ್ದು ಈ ಮನೆಗೇ. ಅವಳನ್ನು ಬಿಟ್ಟು ಒಳಗೆ ಹೋಗಲು ಕಾಲು ಏಳಲಿಲ್ಲ, ನಾನೂ ಇಲ್ಲೇ ಉಳಿದೆ. ಲಿಖಿತಾ ಆ ಗೋಡೆಗೆ ಬೆನ್ನು ಹಾಕಿ ಮಲಗಿದಳು. ನಾನು ಮಾತ್ರ ಅದನ್ನೇ ನೋಡುತ್ತಾ ಕೂತಿದ್ದೆ. ಒಳಗಿನ ಸುಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಚೊಂಬು ತಾಗಿದ ಗುರುತುಗಳಿವೆ.

ಬೆಳಿಗ್ಗೆ ಖುದ್ದೂಸ್‌ಗೆ ಫೋನ್ ಮಾಡಿದೆ. ಒಂದು ಬಾಗಿಲು ಬೇಕು, ಜೊತೆಗೆ ಗೋಡೆ ಒಡೆಯುವವರನ್ನೂ ಕರೆದುಕೊಂಡು ಬಾ ಎಂದೆ. ಯಾವ ಗೋಡೆ ಎಂದು ಅವನು ಕೇಳಲಿಲ್ಲ.

ಮೊದಲ ಏಟಿಗೇ ಹಟ್ಟಿಯೆಲ್ಲ ಬೇಲಿಯ ಹತ್ತಿರ ಬಂತು. ಕೊಳಲು ಹಿಡಿದ ಗೊಲ್ಲನ ಎದೆಯಿಂದ ಇಟ್ಟಿಗೆ ಉದುರಿತು. ಲಕ್ಕಯ್ಯ ಬಾವ ಗುಂಪು ಸರಿಸಿ ಮುಂದೆ ಬಂದರು.

“ಏನ್ ಮಾಡ್ತಿದ್ದೀಯ ಚಿತ್ತಮ್ಮ? ತಂಡದೋರು ಒಪ್ಪಿಗೆ ಐತೆ ಅಂತ ಹೇಳಿ ಹೋಗವ್ರೆ ಕಣವ್ವ. ಬಾಯಿಗೆ ಬಂದ ತುತ್ತು ಇದು. ನಿನ್ನ ಕಾಲಿಗೆ ಬೀಳ್ಲಾ?”

ಅಷ್ಟು ದೊಡ್ಡ ಮನುಷ್ಯರು ಹಾಗೆನ್ನಬಾರದಿತ್ತು. ಆದರೂ ಹೇಳಿದೆ, “ಪಟ್ಟಿಗೆ ಹೆಸರು ಸೇರ್ಸಾಕೆ ಮುಂಚೆ ಆ ಹೆಸರಿನೋರು ಬದುಕಿರ್ಬೇಕಲ್ಲ ಬಾವ. ನಿಮ್ಮ ಮಗಳೂ ನಾಳೆ ಹೆರಿಗೆಗೆ ಬತ್ತಾಳೆ.”

“ನಾನೇನು ಅವಳು ಸಾಯ್ಲಿ ಅಂತ ಗೋಡೆ ಕಟ್ಸಿದ್ನಾ?”

“ಇಲ್ಲ. ರುಜು ಹಾಕ್ದೋಳು ನಾನು.”

ಬಾವ ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ಮುಂದಿನ ಮೀಟಿಂಗಿನಲ್ಲಿ ಅವಳನ್ನು ಇಳಿಸುತ್ತೇವೆ ಎಂದು ಯಾರೋ ಕೂಗಿದರು. ಇಳಿಸಲಿ. ನನ್ನ ಅವಧಿ ಉಳಿದಿರುವುದೇ ಮೂರು ತಿಂಗಳು.

ಈಗ ಆಳೆತ್ತರದ ಸಂದಿಯಾಗಿದೆ. ಒಳಗೆಲ್ಲ ದೂಳು, ಮಗು ಸೀನುತ್ತಿದೆ. ಸಂದಿಯಿಂದ ನಮ್ಮ ಮನೆ ಕಾಣುತ್ತದೆ. ಜಗಲಿಯ ಮೇಲೆ ನನ್ನ ಗಂಡ ಪಾತಯ್ಯ ಕೂತಿದ್ದಾರೆ. ಅಣ್ಣನ ಎದುರು ಎಂದೂ ಬಾಯಿ ತೆರೆದವರಲ್ಲ. ಇವತ್ತೂ ತೆರೆಯಲಿಲ್ಲ. ಈ ಕಡೆಯೇ ನೋಡುತ್ತಿದ್ದಾರೆ. ಬಾಗಿಲು ಕೂರಿಸುವುದು ನಾಳೆ. ಆಮೇಲೆ ನಾನೇನು ಮಾಡುತ್ತೇನೋ ನನಗೇ ಗೊತ್ತಿಲ್ಲ, ಭಯವಾಗುತ್ತಿದೆ.

ನವೆಂಬರ್ 3, ಸೋಮವಾರ

ರುದ್ರೇಶ್ ಕಚೇರಿಯಿಂದ ನೋಟಿಸು ಬಂದಿದೆ, ಒಪ್ಪಿಗೆಯಿಲ್ಲದೆ ಸರ್ಕಾರಿ ಗೋಡೆ ಒಡೆದದ್ದಕ್ಕೆ. ರುದ್ರೇಶ್ ಅವರೇ ತಂದು ಕೊಟ್ಟು, ಹೊರಗೆ ಬಂದು ಮೆಲ್ಲಗೆ, “ಈಗ ಗಾಳಿ ಚೆನ್ನಾಗಿ ಹಾಯ್ತಾ ಇದೆ ಅಲ್ವಾ ಮೇಡಂ?” ಎಂದು ಕೇಳಿ ಹೋದರು. ಲಕ್ಕಯ್ಯ ಬಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅದು ನೋಯುತ್ತದೆ. ಪಟ್ಟಿಯ ಸುದ್ದಿ ಏನೂ ಇಲ್ಲ. ಬರದಿದ್ದರೆ ಎಲ್ಲರೂ ನನ್ನ ಬಾಗಿಲನ್ನೇ ತೋರಿಸುತ್ತಾರೆ, ಅದೂ ಗೊತ್ತು.

ಈ ತಿಂಗಳೂ ಮೂವರು ಹೆಂಗಸರು ಆ ಮನೆಗೆ ಹೋದರು. ಬೇಡವೆಂದು ನಾನು ಹೇಳಲಿಲ್ಲ, ಹೇಳಿದರೆ ಕೇಳುವವರೂ ಅಲ್ಲ. ಆದರೆ ಹೊಸ ಬಾಗಿಲಲ್ಲಿ ಕೂತುಕೊಂಡು ತಮ್ಮ ತಮ್ಮ ಮನೆಯವರಿಗೆ, ಸಾರಿಗೆ ಉಪ್ಪು ಹಾಕು, ಎಮ್ಮೆಗೆ ಹಿಂಡಿ ಇಡು ಎಂದು ಅಲ್ಲಿಂದಲೇ ಕೂಗುತ್ತಾರೆ. ಮಕ್ಕಳು ಆ ಬಾಗಿಲಲ್ಲಿ ನುಗ್ಗಿ ಈ ಬಾಗಿಲಲ್ಲಿ ಓಡುತ್ತವೆ. ಬಾವನ ಹೆಂಡತಿ ಮಗಳ ಹೆರಿಗೆಗೆ ಮುಂಚೆ ಒಂದು ಸಲ ನೋಡುತ್ತೇನೆಂದು ಬಂದು, ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಚಿಲಕ ಒಳಗಿನಿಂದ ಇದೆಯೇ ಎಂದು ಮುಟ್ಟಿ ನೋಡಿ ಹೋದಳು.

ಲಿಖಿತಾಳ ವಿಷಯ. ಬಾಗಿಲು ಕೂರಿಸಿದ ಮಾರನೆಯ ದಿನ ಅವಳು ಮಗುವನ್ನೆತ್ತಿಕೊಂಡು ಆ ಬಾಗಿಲ ಹೊಸ್ತಿಲ ಮೇಲೆ ನಿಂತಳು. “ಮನೆಗೆ ಹೋಗಾನ ಅವ್ವ” ಎಂದಳು. ಅಷ್ಟೇ. ನಾನು ಬೇಲಿ ಬಾಗಿಲಿನ ಮುಳ್ಳಿನ ಪಡಿ ಸರಿಸಿದೆ. ಇಬ್ಬರೂ ಹಟ್ಟಿಯ ನಡುವೆಯೇ ನಡೆದು ಬಂದೆವು. ದೇವರ ಗುಡ್ಲು ದಾಟುವಾಗ ನಿಂತು ಕೈ ಮುಗಿದೆ. ಮಗು ಆಗಲೇ ಜೋರಾಗಿ ಸೀನಿತು. ಯಾರೂ ನಗಲಿಲ್ಲ, ನಾವಿಬ್ಬರೇ ನಕ್ಕಿದ್ದು.

ಪಾತಯ್ಯ ಎರಡು ದಿನ ಅಣ್ಣನ ಮನೆಯಲ್ಲಿ ಉಂಡರು. ಮೂರನೆಯ ದಿನ ಬಂದು ತಟ್ಟೆ ಹಾಕಿಕೊಂಡು ಕೂತರು. ಉಂಡಾದ ಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ನಿನ್ನೆ ಸಂಜೆ ಎಲ್ಲಿಗೋ ಹೋಗಿ ಬಂದು, ಈ ಪುಸ್ತಕವನ್ನು ಮನೆಯ ಗೋಡೆಗೂಡಿನಲ್ಲಿ, ರೇಷನ್ ಕಾರ್ಡಿನ ಪಕ್ಕ ಇಟ್ಟರು.

“ಆ ಮನೇಲೇ ಬುಟ್ಟು ಬಂದಿದ್ದೆ ಕಣೇ ನೀನು. ಇಲಿ ಕಡದಾಕ್ತಾವೆ.”

ಪೆನ್ನು ಹುಡುಕುವುದೇ ತಡವಾಯಿತು. ನಿನ್ನೆಯಿಂದ ಹೊರಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಮರೆತೇಬಿಟ್ಟೆ. ಮಗು ಎದ್ದಿದೆ, ನಮ್ಮ ಮನೆಯ ಒಲೆ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುತ್ತದೆ.